ಮಗ್ಗದಿಂದ ಬಿಡದಿಯವರೆಗೆ: ಟೊಯೊಟಾ ಲಾಂಛನ

ಕನಕಪುರದ ನೆರೆಯ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ವಾಹನಗಳ ಈಗಿನ ಲಾಂಛನ ಕಂಪನಿಗಿಂತ ಅರ್ಧ ಶತಮಾನದಷ್ಟು ಕಿರಿಯದು. ಮೂಲದಲ್ಲಿ ಟೊಯೊಡಾ ಮಗ್ಗ ತಯಾರಕರ ಮನೆತನ. ಸಕಿಚಿ ಟೊಯೊಡಾ 1926ರಲ್ಲಿ ಸ್ವಯಂಚಾಲಿತ ಮಗ್ಗಗಳ ಕಂಪನಿ ಕಟ್ಟಿದರು. ಮಗ ಕಿಇಚಿರೊ 1933ರಲ್ಲಿ ಅದರೊಳಗೇ ಮೋಟಾರು ವಿಭಾಗ ತೆರೆದರು.

1936ರಲ್ಲಿ ಲಾಂಛನಕ್ಕಾಗಿ ಸಾರ್ವಜನಿಕ ಸ್ಪರ್ಧೆ ಏರ್ಪಟ್ಟಿತು. ಬಂದ ಸುಮಾರು 27,000 ವಿನ್ಯಾಸಗಳಲ್ಲಿ ಗೆದ್ದದ್ದು ವೃತ್ತದೊಳಗೆ ಜಪಾನಿ ಲಿಪಿಯಲ್ಲಿ ಬರೆದ ‘ಟೊಯೊಟಾ’. ಮನೆತನದ ‘ಡಾ’ ಹೋಗಿ ‘ಟಾ’ ಬಂದದ್ದು ಆಗಲೇ. ಅದನ್ನು ಬರೆಯಲು ಎಂಟು ಗೆರೆ ಸಾಕು. ಎಂಟು ಜಪಾನಿನಲ್ಲಿ ಶುಭಸಂಖ್ಯೆ. ಮರುವರ್ಷ ಮೋಟಾರು ಕಂಪನಿ ಪ್ರತ್ಯೇಕವಾಯಿತು.

ಜಪಾನಿ ಲಿಪಿ ಹೊರದೇಶದವರಿಗೆ ಓದಲು ಬಾರದು. 1989ರ ಅಕ್ಟೋಬರ್‌ನಲ್ಲಿ ಬಂದ ಈಗಿನ ಲಾಂಛನದ ಮೂರು ಅಂಡಾಕೃತಿಗಳಿಗೆ ಆ ತೊಡಕಿಲ್ಲ. ಒಳಗಿನ ಎರಡು ಸೇರಿ ಇಂಗ್ಲಿಷಿನ ‘ಟಿ’ ಆಗುತ್ತವೆ. ಅವು ಗ್ರಾಹಕರ ಮತ್ತು ಕಂಪನಿಯ ಹೃದಯಗಳೆಂಬುದು ಕಂಪನಿಯ ವಿವರಣೆ. ಅದಕ್ಕಿಂತ ಜಾಣತನದ ಸಂಗತಿ ಬೇರೆಯಿದೆ: ಎಡಬಲ ಒಂದೇ ಆಗಿರುವುದರಿಂದ ಮುಂದಿನ ವಾಹನದ ಕನ್ನಡಿಯಲ್ಲೂ ಲಾಂಛನ ತಿರುಗುಮುರುಗಾಗಿ ಕಾಣದು.

ಭಾರತದಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ 1997ರಲ್ಲಿ ಕಟ್ಟಿದ ಕಂಪನಿ 2000ದಲ್ಲಿ ಕ್ವಾಲಿಸ್ ಅನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕದ ರಸ್ತೆಗಳಲ್ಲಿ ಈ ಲಾಂಛನ ಮನೆಮಾತಾದದ್ದು ಕ್ವಾಲಿಸ್, ಇನ್ನೋವಾಗಳಿಂದ. 2019ರಲ್ಲಿ ಮಾರುತಿ ಸುಜುಕಿಯ ಬಲೆನೊ ಇದೇ ಲಾಂಛನ ತೊಟ್ಟು ಗ್ಲಾಂಜಾ ಆಯಿತು. ಅತ್ತ 2022ರಲ್ಲಿ ಬಿಡದಿಯಲ್ಲೇ ತಯಾರಾದ ಗ್ರ್ಯಾಂಡ್ ವಿಟಾರಾ ಸುಜುಕಿಯ ಲಾಂಛನ ಹೊತ್ತು ಹೊರಬಿತ್ತು.