ಹುಬ್ಬಿನ ನಡುವಿನ ರಕ್ತನಾಳ

ನಮ್ಮ ಚಿಕ್ಕರಸಿನಕೆರೆ ಕಡೆ ಮಾನ ಹೋದವನನ್ನು ‘ಮೂಗು ಕುಯ್ಸಿಕೊಂಡ’ ಎನ್ನುತ್ತೇವೆ, ಸೊಕ್ಕಿದವನಿಗೆ ‘ಕೊಬ್ಬು ಜಾಸ್ತಿ’ ಎನ್ನುತ್ತೇವೆ. ಮೂಗು ಮತ್ತು ಕೊಬ್ಬು ವೈದ್ಯದ ಚರಿತ್ರೆಯಲ್ಲೂ ಒಂದೆಡೆ ಕೂಡುತ್ತವೆ. ಕೆಟ್ಟ ಮುಖವನ್ನು ಸ್ವಂತ ಮೈಯಿಂದಲೇ ಸರಿಮಾಡಿಕೊಳ್ಳುವ ಚರಿತ್ರೆ ಅದು. ಅದರ ಒಂದು ಮುಖ್ಯ ಅಧ್ಯಾಯ ಶುರುವಾಗಿದ್ದು ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದ ಯುದ್ಧದಲ್ಲಿ.

1791ರ ಮೇ ತಿಂಗಳಲ್ಲಿ ಕಾರ್ನವಾಲಿಸನ ಸೇನೆ ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ಅರಕೆರೆಗೆ ಬಂತು. ಮಳೆ, ಮೇವಿಲ್ಲದ ಹಾದಿ, ರೋಗ. ಸಾವಿರಾರು ಎತ್ತುಗಳು ಸತ್ತವು. ಎಳೆಯಲು ಎತ್ತಿಲ್ಲದೆ ದೊಡ್ಡ ಫಿರಂಗಿಗಳನ್ನು ಹಾಳುಗೆಡವಿ ಸೇನೆ ಹಿಂದಿರುಗಿತು. ಇಂಥ ಯುದ್ಧದಲ್ಲಿ ಎತ್ತು ಹೊಡೆಯುವವನೆಂದರೆ ಸಿಪಾಯಿಯಷ್ಟೇ ಮುಖ್ಯ. ಇಂಗ್ಲಿಷ್ ಸೇನೆಯಲ್ಲಿ ಆ ಕೆಲಸ ಮಾಡುತ್ತಿದ್ದ ಕಾವಸ್ಜಿ ಎಂಬ ಮರಾಠ ರೈತ ಟಿಪ್ಪುವಿನ ಕೈಗೆ ಸಿಕ್ಕಿಬಿದ್ದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯ ಪತ್ರವೊಂದು ಹೇಳುತ್ತದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಎದುರಿಗೇ ನಿಂತು ನೋಡಿದರು. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಬಿಡಿಸಿ, ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿ, ಕೆಳಕ್ಕೆ ತಿರುಚಿ ಮೂಗಿನ ಜಾಗಕ್ಕೆ ಕೂರಿಸಿದ. ಹೊಲಿಗೆ ಇಲ್ಲ. ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಗೆ ಬಳಿದು ಅಂಟಿಸಿದ. ನಾಲ್ಕು ದಿನದ ಮೇಲೆ ಅದನ್ನು ತೆಗೆದು ತುಪ್ಪದ ಬಟ್ಟೆ ಇಟ್ಟ.

ಅವನು ಮಾಡಿದ ಜಾಣ ಕೆಲಸ ಇನ್ನೊಂದಿದೆ. ಚರ್ಮವನ್ನು ಪೂರ್ತಿ ಕತ್ತರಿಸಲಿಲ್ಲ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೇ ಬಿಟ್ಟ. ಹೊಸ ಜಾಗದಲ್ಲಿ ಚರ್ಮ ಬೇರೂರುವ ತನಕ ಆ ಪಟ್ಟಿಯಿಂದಲೇ ಅದಕ್ಕೆ ರಕ್ತ. ಸುಮಾರು ಇಪ್ಪತ್ತೈದನೇ ದಿನ ಅದನ್ನು ಕತ್ತರಿಸಿದ. ಸುಶ್ರುತ ಸಂಹಿತೆಯಲ್ಲಿ ಗಲ್ಲದ ಚರ್ಮದಿಂದ ಮೂಗು ಕಟ್ಟುವ ಕ್ರಮವಿದೆ. ಈತ ಬಳಸಿದ್ದು ಹಣೆಯ ಚರ್ಮ. ಆ ಪತ್ರದ ಪ್ರೇರಣೆಯಿಂದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಶಸ್ತ್ರಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಬರೆದ. ಇವತ್ತಿಗೂ ಇದಕ್ಕೆ ‘ಭಾರತೀಯ ವಿಧಾನ’ ಎಂಬ ಹೆಸರಿದೆ.

ಇನ್ನು ಕೊಬ್ಬಿನ ಮಾತು. 1893ರಲ್ಲಿ ಜರ್ಮನಿಯ ಗುಸ್ತಾವ್ ನೊಯ್ಬರ್ ತೋಳಿನ ಕೊಬ್ಬನ್ನು ತೆಗೆದು ಮುಖದ ಗುಳಿಬಿದ್ದ ಗಾಯದ ಗುರುತಿಗೆ ತುಂಬಿದ. ಚೂರುಗಳು ಚಿಕ್ಕದಾಗಿದ್ದರೇ ಉಳಿಯುತ್ತವೆ ಎಂಬುದನ್ನೂ ಕಂಡ. ಅವಸರದವರಿಗೆ ಇದು ಸಾಲಲಿಲ್ಲ. 1899ರಿಂದ ವಿಯೆನ್ನಾದ ಗೆರ್ಸುನಿಯ ದಾರಿ ಹಿಡಿದು ಪ್ಯಾರಾಫಿನ್ ಚುಚ್ಚಿಸಿಕೊಂಡವರ ಮುಖದಲ್ಲಿ ಗಂಟುಗಳೆದ್ದವು, ಮೇಣ ಜಾರಿತು. ಕಸಿ ಮಾಡಿದ ಕೊಬ್ಬು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧ ಕರಗುತ್ತದೆ ಎಂದು 1950ರಲ್ಲಿ ಲಿಂಡನ್ ಪೀರ್ ತೋರಿಸಿದ. 1970ರ ದಶಕದ ಕೊನೆಗೆ ಪ್ಯಾರಿಸ್ಸಿನ ಇಲೂಜ್ ಕೊಳವೆಯಿಂದ ಕೊಬ್ಬು ಹೀರುವುದನ್ನು ಜನಪ್ರಿಯ ಮಾಡಿದ. ಆಮೇಲೆ ನ್ಯೂಯಾರ್ಕಿನ ಸಿಡ್ನಿ ಕೋಲ್‌ಮನ್ ಅದನ್ನು ಹನಿಹನಿಯಾಗಿ, ಪದರಪದರವಾಗಿ ಇಡುವ ಕ್ರಮ ರೂಪಿಸಿದ. ದೊಡ್ಡ ಮುದ್ದೆಯ ನಡುಭಾಗಕ್ಕೆ ರಕ್ತ ತಲುಪದೆ ಅದು ಸತ್ತು ಎಣ್ಣೆಯಾಗುತ್ತದೆ. ಇಟ್ಟಿಗೆಯವನು ಪಟ್ಟಿ ಬಿಟ್ಟು ಮಾಡಿದ್ದನ್ನು ಇವರು ಹನಿ ಮಾಡಿ ಸಾಧಿಸಿದರು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮನ ಮಗಳು ಹೋದ ಹಬ್ಬಕ್ಕೆ ಬಂದಾಗ ಇದನ್ನೇ ಕೇಳಿದಳು. ಹೊಟ್ಟೆಯ ಕೊಬ್ಬು ತೆಗೆದು ಕಣ್ಣಿನ ಕೆಳಗೆ, ಹುಬ್ಬಿನ ನಡುವೆ ತುಂಬುತ್ತಾರಂತೆ. ಮಿಕ್ಕಿದ್ದನ್ನು ಹೆಪ್ಪುಗಟ್ಟಿಸಿಟ್ಟು ಮುಂದೆ ಮತ್ತೆ ಚುಚ್ಚುತ್ತಾರಂತೆ. “ನನ್ ಮೈದೇ ಕೊಬ್ಬಲ್ವಾ ದೊಡ್ಡಪ್ಪ, ಏನಾದದು?” ಎಂದಳು.

ಅವಳ ಮಾತಲ್ಲಿ ಅರ್ಧ ನಿಜವಿದೆ. ತನ್ನದೇ ಕೊಬ್ಬನ್ನು ಮೈ ಪರಕೀಯವೆಂದು ತಿರಸ್ಕರಿಸುವುದಿಲ್ಲ. ಆದರೆ ಹೆಪ್ಪುಗಟ್ಟಿಸಿದಾಗ ಎಷ್ಟೋ ಕೋಶಗಳು ಸಾಯುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಹುಬ್ಬಿನ ಒಳತುದಿಯಲ್ಲೇ ಇದೆ. ಅಲ್ಲಿಂದ ಹಣೆಗೆ ಹತ್ತುವ ರಕ್ತನಾಳ ಕಣ್ಣಿಗೆ ರಕ್ತ ಕೊಡುವ ಅಪಧಮನಿಯ ಕವಲು. ಸೂಜಿ ತಪ್ಪಿ ಕೊಬ್ಬು ಅದರೊಳಗೆ ಹೊಕ್ಕರೆ, ಒತ್ತಡಕ್ಕೆ ಹಿಂದಕ್ಕೆ ಹರಿದು ಕಣ್ಣಿನ ಪರದೆಯ ನಾಳವನ್ನು ಕಟ್ಟಿಬಿಡಬಹುದು. ಅಂಥದ್ದು ಅಪರೂಪ, ಆದರೆ ಹೋದ ದೃಷ್ಟಿ ಮರಳುವುದು ಇನ್ನೂ ಅಪರೂಪ. ಕೆಲವರಿಗೆ ಪಾರ್ಶ್ವವಾಯುವೂ ಆಗಿದೆ. ಅದಕ್ಕೇ ನುರಿತವರು ಮೊಂಡುತುದಿಯ ಕೊಳವೆ ಹಿಡಿದು, ಮೆಲ್ಲಗೆ, ಇಷ್ಟಿಷ್ಟೇ ಬಿಡುತ್ತಾರೆ.

ಕೊಬ್ಬು ತೆಗೆಯುವುದೂ ಶಸ್ತ್ರಚಿಕಿತ್ಸೆಯೇ ಎಂಬುದನ್ನು ಜನ ಮರೆಯುತ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಇಪ್ಪತ್ತೊಂದರ ನಟಿಯೊಬ್ಬರು ಕೊಬ್ಬು ತೆಗೆಸಿಕೊಂಡ ನಂತರ ತೀರಿಕೊಂಡರು. ಕಾವಸ್ಜಿಯ ಮುಖವನ್ನು ಶತ್ರು ಕೆಡಿಸಿದ್ದ. ಈ ಹುಡುಗಿಯರ ಮುಖಕ್ಕೆ ಏನು ಕೆಟ್ಟಿತ್ತು ಎಂದು ಕೇಳುವುದು ಸುಲಭ. ಆದರೆ ಕನ್ನಡಿಯ ಮುಂದೆ ನಿಂತವರ ಸಂಕಟವನ್ನು ಹೊರಗಿನವರು ಅಳೆಯಬಾರದು. ಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ತೀರ್ಮಾನಿಸುವ ಮುಂಚೆ ಹುಬ್ಬಿನ ನಡುವೆ ಏನು ಹರಿಯುತ್ತದೆ ಎಂದು ವೈದ್ಯರನ್ನು ಕೇಳಲಿ. ಎತ್ತು ಹೊಡೆಯುವವನ ಹೊಸ ಮೂಗಿಗೆ ಇಪ್ಪತ್ತೈದು ದಿನ ಜೀವ ಕೊಟ್ಟಿದ್ದು ಅದೇ ನಾಳ.