ಬ್ಯಾಸ್ಕೆಟ್‌ಬಾಲ್: ಆಟಗಾರನ ಅಂಕಗಳಲ್ಲಿ ಸಹ ಆಟಗಾರರ ಪಾಲು

ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಪ್ರತಿ ತಂಡದ ಐವರು ಆಡುತ್ತಾರೆ. ಚೆಂಡು ಮಾತ್ರ ಒಂದೇ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಚೆಂಡು ವಶವಾದ 24 ಸೆಕೆಂಡುಗಳೊಳಗೆ ತಂಡವು ಬ್ಯಾಸ್ಕೆಟ್‌ನತ್ತ ಎಸೆಯಬೇಕು. ಒಬ್ಬನ ಕೈಯಲ್ಲಿ ಚೆಂಡು ಹೆಚ್ಚು ಹೊತ್ತು ಉಳಿದರೆ ಉಳಿದ ನಾಲ್ವರ ಪಾಲು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಯುವ ಆಟಗಾರನೊಬ್ಬನ ಸರಾಸರಿ ಅಂಕಗಳು ಅವನ ಪ್ರತಿಭೆಯೊಂದಿಗೆ ಅವನಿಗೆ ದೊರೆತ ಪಾತ್ರವನ್ನೂ ಸೂಚಿಸುತ್ತವೆ. 2012ರಲ್ಲಿ 23ರ ಹರೆಯದಲ್ಲಿ ಹೆಸರು ಮಾಡಿದ ಜೇಮ್ಸ್ ಹಾರ್ಡನ್ ಮತ್ತು ಜೆರೆಮಿ ಲಿನ್ ಅವರ ಅನುಭವ ಇದಕ್ಕೆ ಉತ್ತಮ ನಿದರ್ಶನ.

ಆರನೆಯ ಆಟಗಾರ

2009ರ ಆಯ್ಕೆ ಪ್ರಕ್ರಿಯೆಯಲ್ಲಿ ಒಕ್ಲಹಾಮ ಸಿಟಿ ಥಂಡರ್ ತಂಡವು ಹಾರ್ಡನ್ ಅವರನ್ನು ಮೂರನೆಯವರಾಗಿ ಆರಿಸಿಕೊಂಡಿತು. ಕೆವಿನ್ ಡುರಾಂಟ್ ಮತ್ತು ರಸೆಲ್ ವೆಸ್ಟ್‌ಬ್ರೂಕ್ ಆಗಲೇ ಆ ತಂಡದಲ್ಲಿದ್ದರು. ತಂಡದ ಎಸೆತಗಳಲ್ಲಿ ದೊಡ್ಡ ಪಾಲು ಇವರಿಬ್ಬರದಾಗಿದ್ದ ಕಾರಣ ಆರಂಭಿಕ ಐವರಲ್ಲಿ ರಕ್ಷಣಾ ಆಟಕ್ಕೆ ಹೆಸರಾದ ಥಾಬೊ ಸೆಫಲೋಶಾ ಅವರಿಗೆ ಸ್ಥಾನ ದೊರೆಯಿತು. ಹಾರ್ಡನ್ ಮೀಸಲು ಆಟಗಾರರೊಡನೆ ಅಂಕಣಕ್ಕಿಳಿಯುತ್ತಿದ್ದರು. ಆಗ ಚೆಂಡು ಅವರ ವಶದಲ್ಲಿರುತ್ತಿತ್ತು.

ಈ ಏರ್ಪಾಡಿನಿಂದ ತಂಡಕ್ಕೂ ಹಾರ್ಡನ್‌ಗೂ ಲಾಭವಾಯಿತು. 2011-12ರ ಋತುವಿನ 62 ಪಂದ್ಯಗಳಲ್ಲಿ ಕೇವಲ ಎರಡರಲ್ಲಿ ಆರಂಭದಿಂದ ಆಡಿದ ಅವರು, ಸರಾಸರಿ 16.8 ಅಂಕ ಗಳಿಸಿ ಲೀಗ್‌ನ ‘ವರ್ಷದ ಆರನೆಯ ಆಟಗಾರ’ ಪ್ರಶಸ್ತಿ ಪಡೆದರು. ಥಂಡರ್ ಫೈನಲ್ಸ್‌ವರೆಗೆ ಸಾಗಿ ಮಿಯಾಮಿ ಹೀಟ್ ಎದುರು 4-1ರಿಂದ ಸೋತಿತು.

ಬದಲಾದ ಕೆಲಸ

ವೇತನದ ಮಾತುಕತೆ ಮುರಿದುಬಿದ್ದ ಬಳಿಕ, 2012ರ ಅಕ್ಟೋಬರ್ 27ರಂದು ಥಂಡರ್ ತಂಡವು ಹಾರ್ಡನ್ ಅವರನ್ನು ಹ್ಯೂಸ್ಟನ್ ರಾಕೆಟ್ಸ್‌ಗೆ ಬಿಟ್ಟುಕೊಟ್ಟಿತು. ನಾಲ್ಕು ದಿನಗಳ ನಂತರ, ಡೆಟ್ರಾಯಿಟ್ ವಿರುದ್ಧದ ಮೊದಲ ಪಂದ್ಯದಲ್ಲಿಯೇ ಅವರು 37 ಅಂಕ ಗಳಿಸಿ, 12 ಅಸಿಸ್ಟ್ ನೀಡಿದರು. ನಾಲ್ಕು ದಿನಗಳಲ್ಲಿ ಆಟಗಾರನೊಬ್ಬನ ಸಾಮರ್ಥ್ಯ ಇಷ್ಟು ಹೆಚ್ಚಲಾರದು. ಹೆಚ್ಚಿದ್ದು ಅವರ ಹೊಣೆ.

ಆ ಋತುವಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಪ್ರತಿ ಪಂದ್ಯದಲ್ಲಿ ಅವರು ಆಡಿದ ಸಮಯ ಸರಾಸರಿ 31.4 ನಿಮಿಷಗಳಿಂದ 38.3 ನಿಮಿಷಗಳಿಗೂ, ಎಸೆತಗಳು 10.1ರಿಂದ 17.1ಕ್ಕೂ, ಅಂಕಗಳು 25.9ಕ್ಕೂ ಏರಿದವು. ಆದರೆ ಗುರಿ ಮುಟ್ಟಿದ ಎಸೆತಗಳ ಪ್ರಮಾಣ ಶೇ 49.1ರಿಂದ ಶೇ 43.8ಕ್ಕೆ ಇಳಿಯಿತು. ಎದುರಾಳಿಗೆ ಚೆಂಡು ಬಿಟ್ಟುಕೊಟ್ಟ ಪ್ರಸಂಗಗಳು 2.2ರಿಂದ 3.8ಕ್ಕೆ ಹೆಚ್ಚಿದವು. ಮೊದಲು ಡುರಾಂಟ್ ಮತ್ತು ವೆಸ್ಟ್‌ಬ್ರೂಕ್ ಅವರತ್ತ ಹಂಚಿಹೋಗುತ್ತಿದ್ದ ಎದುರಾಳಿಗಳ ಗಮನ ಈಗ ಹಾರ್ಡನ್ ಒಬ್ಬರ ಮೇಲೆಯೇ ಕೇಂದ್ರೀಕೃತವಾಗಿತ್ತು.

ಅವರ ಬದಲಿಗೆ ಹ್ಯೂಸ್ಟನ್‌ನಿಂದ ಥಂಡರ್‌ಗೆ ಬಂದ ಕೆವಿನ್ ಮಾರ್ಟಿನ್ ಅವರ ವಿಷಯದಲ್ಲಿ ಇದು ತಿರುಗುಮುರುಗಾಯಿತು. 2010-11ರಲ್ಲಿ ಸರಾಸರಿ 23.5 ಅಂಕ ಗಳಿಸಿದ್ದ ಮಾರ್ಟಿನ್, ಆರನೆಯ ಆಟಗಾರನ ಪಾತ್ರದಲ್ಲಿ 2012-13ರಲ್ಲಿ 14 ಅಂಕಗಳಿಗೆ ತೃಪ್ತಿಪಟ್ಟರು. ಆದರೆ ಆ ಋತುವಿನಲ್ಲಿ ಅವರ ಮೂರು ಅಂಕದ ಎಸೆತಗಳ ಯಶಸ್ಸು ಶೇ 42ನ್ನು ಮೀರಿತ್ತು.

ಲಿನ್ ಅವರ ಫೆಬ್ರುವರಿ

ಜೆರೆಮಿ ಲಿನ್ ಅವರನ್ನು 2011ರ ಡಿಸೆಂಬರ್‌ನಲ್ಲಿ ಗೋಲ್ಡನ್ ಸ್ಟೇಟ್ ಮತ್ತು ಹ್ಯೂಸ್ಟನ್ ಎರಡೂ ತಂಡಗಳು ಕೈಬಿಟ್ಟಿದ್ದವು. ಅವರನ್ನು ಸೇರಿಸಿಕೊಂಡ ನ್ಯೂಯಾರ್ಕ್ ನಿಕ್ಸ್‌ನಲ್ಲಿಯೂ ಆರಂಭದಲ್ಲಿ ಅವಕಾಶಗಳು ವಿರಳವಾಗಿದ್ದವು. 2012ರ ಫೆಬ್ರುವರಿಯಲ್ಲಿ ತಾರಾ ಆಟಗಾರ ಕಾರ್ಮೆಲೊ ಆಂಥೊನಿ ಗಾಯಗೊಂಡರು; ಅಮಾರೆ ಸ್ಟೌಡಮೈರ್ ಕುಟುಂಬದಲ್ಲಿನ ಸಾವಿನ ನಿಮಿತ್ತ ಕೆಲವು ಪಂದ್ಯಗಳಿಂದ ದೂರ ಉಳಿದರು. ತರಬೇತುದಾರ ಮೈಕ್ ಡಿ’ಆಂಟೊನಿ ಚೆಂಡನ್ನು ಲಿನ್ ಕೈಗೆ ಒಪ್ಪಿಸಿದರು. ಸಹ ಆಟಗಾರನೊಬ್ಬ ರಕ್ಷಕನಿಗೆ ಅಡ್ಡವಾಗಿ ನಿಂತು ದಾರಿ ಮಾಡಿಕೊಡುವ ಅವರ ಪದ್ಧತಿ ಲಿನ್‌ಗೆ ಒಗ್ಗಿತು. ಆರಂಭಿಕ ಆಟಗಾರನಾಗಿ ಆಡಿದ ಮೊದಲ ಐದು ಪಂದ್ಯಗಳಲ್ಲಿ ಅವರು 136 ಅಂಕ ಕಲೆಹಾಕಿದರು. ನಿಕ್ಸ್ ಸತತ ಏಳು ಪಂದ್ಯ ಗೆದ್ದಿತು.

ಅದೇ ವರ್ಷದ ಜುಲೈನಲ್ಲಿ ಲಿನ್ ಹ್ಯೂಸ್ಟನ್‌ಗೆ ಮರಳಿದರು. ತಂಡದ ಆಟವನ್ನು ಅವರೇ ಮುನ್ನಡೆಸುವರೆಂಬ ನಿರೀಕ್ಷೆಯಿತ್ತು. ಋತು ಆರಂಭವಾಗುವ ಮೊದಲೇ ಹಾರ್ಡನ್ ಬಂದುದರಿಂದ ಅನೇಕ ಬಾರಿ ಚೆಂಡಿಲ್ಲದೆ ಅಂಕಣದ ಅಂಚಿನಲ್ಲಿ ಕಾಯುವುದು ಲಿನ್ ಪಾಲಿಗೆ ಬಂದಿತು. ಎಲ್ಲ 82 ಪಂದ್ಯಗಳಲ್ಲಿ ಆರಂಭದಿಂದ ಆಡಿದರೂ ಅವರ ಸರಾಸರಿ 13.4 ಅಂಕಗಳಿಗೆ ನಿಂತಿತು. ಆದರೆ ಗಾಯದಿಂದಾಗಿ ಹಾರ್ಡನ್ ಆಡದಿದ್ದ, ಡಿಸೆಂಬರ್ 10ರ ಸ್ಯಾನ್ ಆಂಟೋನಿಯೊ ವಿರುದ್ಧದ ಪಂದ್ಯದಲ್ಲಿ ಲಿನ್ 38 ಅಂಕ ಗಳಿಸಿದರು. ಒಬ್ಬನಿಗೆ ದೊರೆತ ಅವಕಾಶ ಮತ್ತೊಬ್ಬನಿಗೆ ಮಿತಿಯಾಗಿತ್ತು.

ಅಳೆಯುವ ಬಗೆ

ಪಾತ್ರವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ಇದರ ಅರ್ಥವಲ್ಲ. ಚೆಂಡು ಕೈಗೆ ಬಂದವರೆಲ್ಲ ಹಾರ್ಡನ್ ಆಗುವುದಿಲ್ಲ. ಅವರು 2018ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಗೂ ಭಾಜನರಾದರು. ಆದರೆ ಅವಕಾಶ ದೊರೆಯುವವರೆಗೆ ಆ ಸಾಮರ್ಥ್ಯ ಅಂಕಪಟ್ಟಿಯಲ್ಲಿ ಪೂರ್ಣವಾಗಿ ಕಾಣಿಸಿರಲಿಲ್ಲ. ಲಿನ್ ಅವರನ್ನು ಎರಡು ತಂಡಗಳು ಕೈಬಿಟ್ಟದ್ದು, ಅವರ ಆಟ ಕಾಣಿಸುವ ಅವಕಾಶ ಬರುವ ಮೊದಲೇ.

ಆದ್ದರಿಂದ ಶಾಲಾ ತಂಡದ ಆಯ್ಕೆಯಿರಲಿ, ವೃತ್ತಿಪರ ಒಪ್ಪಂದವಿರಲಿ, ಅಂಕಗಳ ಜತೆಗೆ ಇನ್ನೂ ಕೆಲವು ಸಂಗತಿಗಳನ್ನು ಗಮನಿಸಬೇಕಾಗುತ್ತದೆ. ಆತ ಎಷ್ಟು ನಿಮಿಷ ಆಡಿದ? ಎಷ್ಟು ಎಸೆತಗಳು ಅವನ ಪಾಲಿಗೆ ಬಂದವು? ಆಗ ಜತೆಯಲ್ಲಿದ್ದವರು ಯಾರು? ಈ ಪ್ರಶ್ನೆಗಳನ್ನು ಕೇಳದೆ ಪಟ್ಟಿಯಿಂದ ಅಳಿಸಿದ ಹೆಸರು, ಸರಿಯಾದ ಪಾತ್ರಕ್ಕಾಗಿ ಕಾಯುತ್ತಿದ್ದ ಆಟಗಾರನದೇ ಆಗಿರಬಹುದು.