ಮಂಗಳೂರಿನ ಯೆಹೂದಿಯ ಕಾಗದಗಳು

ವಡ್ಡುವಿನ ನಮ್ಮ ಮನೆಯಲ್ಲಿ ಹರಿದ ಪಂಚಾಂಗ, ಹುಳು ತಿಂದ ಪುರಾಣಗಳನ್ನು ಯಾರೂ ಒಲೆಗೆ ಹಾಕುತ್ತಿರಲಿಲ್ಲ. ಹಂಪಿಗೆ ಹೋದಾಗ ತುಂಗಭದ್ರೆಗೆ ಬಿಡುತ್ತಿದ್ದರು. ವಾಚಕರೇ, ನಿಮ್ಮಲ್ಲೂ ಹೀಗೆಯೇ ಇದ್ದೀತು. ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬುದು ಯೆಹೂದಿಗಳ ಶ್ರದ್ಧೆಯೂ ಹೌದು. ಹಳೆಯ ಕೈರೋದ, ಅಂದರೆ ಫುಸ್ತಾತಿನ, ಬೆನ್ ಎಜ್ರಾ ಪ್ರಾರ್ಥನಾ ಮಂದಿರದವರು ಅಂಥವನ್ನೆಲ್ಲ ಒಂದು ಕೋಣೆಯಲ್ಲಿ ತುಂಬುತ್ತ ಬಂದರು. ನಮ್ಮವು ನೀರುಪಾಲಾದವು, ಅವರವು ಒಣಹವೆಯಲ್ಲಿ ಉಳಿದವು. (ವಿಜ್ಞಾನ ಓದಿದವನಿಗೆ ಹವೆಯೇ ಮೊದಲು ಕಾಣುತ್ತದೆ, ಕ್ಷಮಿಸಿ.)

ಉಳಿದವುಗಳಲ್ಲಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳಿವೆ. ಟುನೀಷಿಯಾದ ಮಹದಿಯಾದಿಂದ ಬಂದ ಈ ವರ್ತಕ ಮಂಗಳೂರಿನಲ್ಲಿ ಕಬ್ಬಿಣ, ಮೆಣಸು, ಅಡಿಕೆ ವ್ಯಾಪಾರ ಮಾಡಿಕೊಂಡು, ಕಂಚಿನ ಪಾತ್ರೆ ಮಾಡಿಸುತ್ತಿದ್ದ. 1132ರಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಊಹೆ. 1148ರಲ್ಲಿ ಸಿಸಿಲಿಯ ಸೈನ್ಯ ಮಹದಿಯಾವನ್ನು ಹಿಡಿಯಿತು, ಒಡಹುಟ್ಟಿದವರು ನಿರ್ಗತಿಕರಾದರು. ಮರುವರ್ಷ ಮಕ್ಕಳೊಡನೆ ಏಡನ್ನಿಗೆ ಮರಳಿದ. ಅಲ್ಲಿ ಮಗ ತೀರಿಕೊಂಡ. ಮಗಳೊಬ್ಬಳೇ ಉಳಿದಳು.

ಆ ಸಂಕಟ ಹೇಳಲು ಮಾತಿಲ್ಲವೆಂದು ಸಹೋದರ ಯೂಸುಫನಿಗೆ ಬರೆದ. ಏಡನ್ನಿನ ಸಿರಿವಂತರು ಮಗಳನ್ನು ಕೇಳಿದ್ದರು, ಅವನು ಒಪ್ಪಲಿಲ್ಲ. ಯೂಸುಫನ ಮಗ ತೋರಾ ಬಲ್ಲವನೆಂದು ಕೇಳಿ, ಅವನನ್ನೇ ಕಳುಹಿಸೆಂದ. ಮಗನಿಲ್ಲದ ಮನೆಯಲ್ಲಿ ತೋರಾದ ದನಿ ಮತ್ತೆ ಕೇಳಬೇಕೆಂಬುದೇ ಅವನನ್ನು ಎತ್ತಿ ನಿಲ್ಲಿಸಿತೆಂದು ನನಗೆ ತೋರುತ್ತದೆ.

1156ರಲ್ಲಿ ಫುಸ್ತಾತಿನಲ್ಲಿ ಆ ಮದುವೆ ನಡೆಯಿತು. ಮದುಮಗಳ ಒಡವೆ-ವಸ್ತುಗಳ ಪಟ್ಟಿಯೂ ಅದೇ ಕೋಣೆಯಲ್ಲಿ ಸಿಕ್ಕಿದೆ.